ಕಂಪ್ಯೂಟರ್ ಫ್ಯಾನ್: ನನ್ನ ಮೈಕ್ ಒಪ್ಪಿದ್ದು, ಒಪ್ಪದ್ದು

ಪುರುಸೊತ್ತು ಇಲ್ಲದವರಿಗೆ ಉತ್ತರ ಮೊದಲೇ ಕೊಡುತ್ತೇನೆ. ಡೆಸ್ಕ್‌ಟಾಪಿನ ಸದ್ದು ಇಳಿಯಬೇಕು, ಕೇಸಿನಲ್ಲಿ 140 ಮಿಲಿಮೀಟರ್ ಫ್ಯಾನಿಗೆ ಜಾಗ ಉಂಟು ಅಂದರೆ ಆರ್ಕ್ಟಿಕ್ ಪಿ14 ತೆಗೆದುಕೊಳ್ಳಿ. ಒಂದಲ್ಲ, ಎರಡು. ಜಾಗ ಇಲ್ಲ, ಆದರೆ ದುಡ್ಡು ಉಂಟು ಅಂದರೆ ನಾಕ್ಟುವಾದ ಎನ್‌ಎಫ್-ಎ12ಎಕ್ಸ್25. ಅಂಗಡಿಯಲ್ಲಿ "ಸೈಲೆಂಟ್" ಅಂತ ಹೇಳಿ ಕೊಡುವ ಬಣ್ಣದ ಲೈಟಿನ ಫ್ಯಾನ್ ಮಾತ್ರ ಬೇಡವೇ ಬೇಡ.

ಇನ್ನು ಯಾಕೆ ಅಂತ ಹೇಳುತ್ತೇನೆ.

ನಾನು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ನಮ್ಮ ಮಕ್ಕಳ ಮನೆಗಳಲ್ಲಿ ತುಳು ಉಂಟು, ಮಲಯಾಳ ಉಂಟು, ಬ್ಯಾರಿ, ಮರಾಟಿ, ಹವ್ಯಕ ಎಲ್ಲ ಉಂಟು. ಕನ್ನಡ ಪಾಠ ಓದಿ ಹೇಳುವವರು ಮಾತ್ರ ಎಲ್ಲ ಮನೆಯಲ್ಲಿ ಇರುವುದಿಲ್ಲ. ಅದಕ್ಕೆ ಪಾಠ, ಪದ್ಯಗಳನ್ನು ನಾನೇ ಓದಿ ರೆಕಾರ್ಡ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕುತ್ತೇನೆ. ಮೇಜಿನ ಮೇಲೆ ಒಂದು ಕಂಡೆನ್ಸರ್ ಮೈಕ್, ಮೇಜಿನ ಕೆಳಗೆ ಕಂಪ್ಯೂಟರ್. ಈ ಜಾತಿಯ ಮೈಕಿಗೆ ದಾಕ್ಷಿಣ್ಯ ಇಲ್ಲ. ನನ್ನ ಸ್ವರದ ಜೊತೆ ಹೊರಗಿನ ಜೀರುಂಡೆ, ತೋಟದ ಪಂಪು, ಕೆಳಗಿನ ಫ್ಯಾನ್ ಎಲ್ಲವನ್ನೂ ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ಹಂಚಿನ ಮಾಡಿನ ಮೇಲೆ ಬೀಳುವ ಮಳೆಗೆ ರೆಕಾರ್ಡಿಂಗೇ ಇಲ್ಲ ಬಿಡಿ. ಉಳಿದ ದಿನ ರಾತ್ರಿ ಊಟ ಆದ ಮೇಲೆ ಶುರು.

ಕಂಪ್ಯೂಟರ್ ದೊಡ್ಡದೇನಲ್ಲ. ರೈಜನ್ 5 5600ಜಿ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಪ್ರೊಸೆಸರ್ ಜೊತೆ ಪೆಟ್ಟಿಗೆಯಲ್ಲೇ ಬರುವ ಚಿಕ್ಕ ಕೂಲರ್ ಇತ್ತು. ಶಾಲೆಯಲ್ಲಿ, ಕೇರಳದ ಶಾಲೆಗಳ ಐಟಿ ನೋಡಿಕೊಳ್ಳುವ ಕೈಟ್‌ನವರ ಲಿನಕ್ಸ್ ಅಭ್ಯಾಸ ಆದ ಕಾರಣ ಮನೆಯಲ್ಲೂ ಉಬುಂಟು, ಎಡಿಟಿಂಗಿಗೆ ಆಡಾಸಿಟಿ.

ನನಗೆ ಫ್ಯಾನಿನ ವಿಷಯ ಅರ್ಥ ಆದದ್ದು ಆಡಾಸಿಟಿಯಿಂದಲೇ. ಅದರಲ್ಲಿ ನಾಯ್ಸ್ ರಿಡಕ್ಷನ್ ಅಂತ ಒಂದು ಸೌಕರ್ಯ ಉಂಟು. ನಾವು ಮಾತಾಡದೆ ಸುಮ್ಮನಿರುವ ಕೆಲವು ಸೆಕೆಂಡನ್ನು ಅದಕ್ಕೆ ತೋರಿಸಬೇಕು. ಅಲ್ಲಿರುವ ಸದ್ದು ಯಾವ ಬಗೆಯದ್ದು ಅಂತ ಗುರುತು ಮಾಡಿಕೊಂಡು ಇಡೀ ರೆಕಾರ್ಡಿಂಗಿನಿಂದ ಅದನ್ನು ತಗ್ಗಿಸುತ್ತದೆ. ಸದ್ದು ಒಂದೇ ಸಮ ಇದ್ದರೆ ಚೆಂದವಾಗಿ ಹೋಗುತ್ತದೆ. ಫ್ಯಾನ್ ಒಮ್ಮೆ ಏರಿ ಒಮ್ಮೆ ಇಳಿದರೆ ಮುಗಿಯಿತು. ಅರ್ಧ ಹೋಗಿ ಅರ್ಧ ಉಳಿದು, ನೀರೊಳಗೆ ಕೂತು ಪದ್ಯ ಹೇಳಿದ ಹಾಗೆ ಕೇಳುತ್ತದೆ. ಮನುಷ್ಯರ ಕಿವಿಯೂ ಹೀಗೆಯೇ ಅಲ್ವಾ? ಒಂದೇ ಸಮನೆ "ಶ್" ಅಂತ ಇದ್ದರೆ ಸ್ವಲ್ಪ ಹೊತ್ತಿಗೆ ಮರೆತೇ ಹೋಗುತ್ತದೆ. ಏರಿಳಿದರೆ ಪ್ರತಿ ಸಲ ತಲೆ ಎತ್ತಿ ನೋಡುವ ಹಾಗಾಗುತ್ತದೆ. ಹಾಗಾಗಿ ಫ್ಯಾನ್ ಆರಿಸುವಾಗ ಡಬ್ಬಿಯ ಮೇಲಿನ ಡೆಸಿಬೆಲ್ಲಿಗಿಂತ ನಾನು ನೋಡುವುದು ಎರಡು ಸಂಗತಿ. ನಿಧಾನಕ್ಕೆ ತಿರುಗುವಾಗ ಸ್ವರ ಹೇಗಿದೆ, ಮತ್ತು ವೇಗ ನಮ್ಮ ಮಾತು ಕೇಳುತ್ತದೋ ಇಲ್ಲವೋ.

ಮಾತು ಕೇಳದ ಫ್ಯಾನಿನ ಕಥೆ ಮೊದಲು. ಪೇಟೆಯ ಒಂದು ಅಂಗಡಿಯಲ್ಲಿ ಸದ್ದಿಲ್ಲದ್ದು ಬೇಕು ಅಂತ ಕೇಳಿದೆ. "ಟೀಚರೇ, ಇದು ಫುಲ್ ಸೈಲೆಂಟ್, ಲೈಟೂ ಉಂಟು" ಅಂತ ಒಂದು ಕೊಟ್ಟರು. ಕೇಬಲಿನ ತುದಿಯಲ್ಲಿ ಇದ್ದದ್ದು ದೊಡ್ಡ ಮೋಲೆಕ್ಸ್ ಕನೆಕ್ಟರ್. ಅಂದರೆ ಅದು ಮದರ್‌ಬೋರ್ಡಿಗೆ ಹೋಗುವುದೇ ಇಲ್ಲ. ನೇರ, ಕಂಪ್ಯೂಟರಿಗೆ ಕರೆಂಟ್ ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ 12 ವೋಲ್ಟ್ ತೆಗೆದುಕೊಂಡು, ಬೆಳಿಗ್ಗೆ ಆಗಲಿ ರಾತ್ರಿ ಆಗಲಿ, ಕೆಲಸ ಇರಲಿ ಇಲ್ಲದಿರಲಿ, ಪೂರ್ತಿ ವೇಗದಲ್ಲಿ ತಿರುಗುತ್ತದೆ. ನಿಧಾನ ಮಾಡುವ ದಾರಿ ಇಲ್ಲ. ಹಿಂದೆ ಕೊಟ್ಟರೆ "ಓಡುತ್ತಾ ಉಂಟಲ್ಲ, ಕಂಪ್ಲೇಂಟ್ ಎಂತ?" ಅಂತ ಕೇಳಿದರು. ಅದೂ ಸರಿಯೇ. ಓಡುವುದರಲ್ಲಿ ಕೊರತೆ ಇಲ್ಲ, ನಿಲ್ಲದಿರುವುದೇ ಕೊರತೆ.

ಹಾಗಾಗಿ ಅಂಗಡಿಗೆ ಹೋದರೆ ಲೈಟು ನೋಡಬೇಡಿ, ಕೇಬಲಿನ ತುದಿ ನೋಡಿ. ನಾಲ್ಕು ಪಿನ್ನಿನ ಚಿಕ್ಕ ಕನೆಕ್ಟರ್ ಇದ್ದರೆ ಅದು ಪಿಡಬ್ಲ್ಯೂಎಂ. ಒಂದು ಅರ್ತ್, ಒಂದು 12 ವೋಲ್ಟ್, ಒಂದು ವೇಗ ಎಷ್ಟು ಅಂತ ಬೋರ್ಡಿಗೆ ತಿಳಿಸಲು, ನಾಲ್ಕನೆಯದು ಬೋರ್ಡ್ ಫ್ಯಾನಿಗೆ ಆಜ್ಞೆ ಕೊಡಲು. ಆ ಆಜ್ಞೆ ಸೆಕೆಂಡಿಗೆ 25,000 ಸಲ ಆನ್-ಆಫ್ ಆಗುವ ಸಿಗ್ನಲ್. ನಮ್ಮ ಕಿವಿ ಕೇಳುವ ಮಿತಿಗಿಂತ ಮೇಲೆ, ಅದಕ್ಕೆ ಅದರ ಕೀಚಲು ನಮಗೆ ಕೇಳುವುದಿಲ್ಲ. ಮೂರು ಪಿನ್ ಇದ್ದರೂ ಅಡ್ಡಿ ಇಲ್ಲ, ಬಯೋಸಿನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ಸಿನಲ್ಲಿ) ಆ ಹೆಡರನ್ನು, ಅಂದರೆ ಫ್ಯಾನ್ ಸಿಕ್ಕಿಸುವ ಬೋರ್ಡಿನ ಪಿನ್ನುಗಳನ್ನು, ಡಿಸಿ ಮೋಡಿಗೆ ಹಾಕಿದರೆ ವೋಲ್ಟೇಜ್ ತಗ್ಗಿಸಿ ನಿಧಾನ ಮಾಡಬಹುದು. ಪಿಡಬ್ಲ್ಯೂಎಂ ಮೋಡಿನಲ್ಲೇ ಬಿಟ್ಟರೆ ಮೂರು ಪಿನ್ನಿನ ಫ್ಯಾನ್ ಪೂರ್ತಿ ಓಡುತ್ತದೆ.

ಡಬ್ಬಿಯ ಮೇಲಿನ ಸಂಖ್ಯೆ ನಂಬಿ ಎರಡು ಕಂಪನಿಗಳನ್ನು ಹೋಲಿಸಲಿಕ್ಕೆ ಆಗುವುದೂ ಇಲ್ಲ. ನಾಕ್ಟುವಾದವರು ಡಿಬಿಎ ಲೆಕ್ಕ ಕೊಡುತ್ತಾರೆ, ಆರ್ಕ್ಟಿಕ್‌ನವರು ಸೋನ್ ಲೆಕ್ಕ ಕೊಡುತ್ತಾರೆ, ಸದ್ದಿನ ಎರಡು ಬೇರೆ ಬೇರೆ ಅಳತೆ. ಅಗ್ಗದ ಕಂಪನಿಗಳು ಬಾಯಿಗೆ ಬಂದದ್ದು ಬರೆಯುತ್ತವೆ ಅಂತ ನನ್ನ ಗುಮಾನಿ. ಅದರ ಬದಲು ಎರಡು ಲೆಕ್ಕ ನೆನಪಿಟ್ಟರೆ ಸಾಕು. ಒಂದೇ ತರದ ಎರಡು ಫ್ಯಾನ್ ಹಾಕಿದರೆ ಸದ್ದು 3 ಡೆಸಿಬೆಲ್ ಏರುತ್ತದೆ. ಒಂದು ಫ್ಯಾನಿನ ವೇಗ ಅರ್ಧ ಮಾಡಿದರೆ ಅಂದಾಜು 15 ಡೆಸಿಬೆಲ್ ಇಳಿಯುತ್ತದೆ. ಗಾಳಿ ಮಾತ್ರ ವೇಗದ ಲೆಕ್ಕದಲ್ಲೇ, ಅರ್ಧ ವೇಗಕ್ಕೆ ಅರ್ಧ ಗಾಳಿ. ಈಗ ಕೂಡಿಸಿ ಕಳೆಯಿರಿ. ಒಂದು ಫ್ಯಾನ್ ನಿಮಿಷಕ್ಕೆ 1200 ಸುತ್ತಿನ ವೇಗದಲ್ಲಿ ತಿರುಗಿಸುವ ಬದಲು ಎರಡನ್ನು 600ರಲ್ಲಿ ತಿರುಗಿಸಿದರೆ ಗಾಳಿ ಹೆಚ್ಚುಕಡಿಮೆ ಅಷ್ಟೇ, ಸದ್ದು ಸುಮಾರು 12 ಡೆಸಿಬೆಲ್ ಕಡಿಮೆ. 10 ಡೆಸಿಬೆಲ್ ಇಳಿದರೆ ಕಿವಿಗೆ ಸದ್ದು ಅರ್ಧಕ್ಕೆ ಬಂದ ಹಾಗೆ. "ಸದ್ದು ಮಾಡುವ ಸಾಮಾನು ಇನ್ನೊಂದು ತಂದು ಸದ್ದು ಕಡಿಮೆ ಮಾಡುವುದಾ?" ಅಂತ ನಮ್ಮ ಮನೆಯವರು ನಕ್ಕಿದ್ದರು. ಎರಡನೇ ಪಿ14 ಹಾಕಿ ವೇಗ ಇಳಿಸಿದ ಮೇಲೆ ನಕ್ಕಿಲ್ಲ.

140 ಮಿಲಿಮೀಟರ್ ಅಂತ ಹಟ ಹಿಡಿಯುವುದೂ ಇದೇ ಕಾರಣಕ್ಕೆ. 120ಕ್ಕಿಂತ ಅದರ ಅಗಲ ಸ್ವಲ್ಪವೇ ಜಾಸ್ತಿ ಕಂಡರೂ ವಿಸ್ತೀರ್ಣ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಜಾಸ್ತಿ. ಅಷ್ಟೇ ಗಾಳಿಗೆ ನಿಧಾನಕ್ಕೆ ತಿರುಗಿದರೆ ಸಾಕು.

ಈಗ ಪಿ14. ನೋಡಲು ಕಪ್ಪು ಪ್ಲಾಸ್ಟಿಕ್, ಜೊತೆಗೆ ನಾಲ್ಕು ಸ್ಕ್ರೂ, ಬೇರೆ ಶೃಂಗಾರ ಇಲ್ಲ. 200ರಿಂದ 1700ರವರೆಗೆ ವೇಗ ಸಿಗುತ್ತದೆ. 200 ಅಂದರೆ ರೆಕ್ಕೆ ತಿರುಗುವುದು ಕಣ್ಣಿಗೆ ಕಾಣುತ್ತದೆ, ಕಿವಿಗೆ ಏನೂ ಇಲ್ಲ. ಪಿಎಸ್‌ಟಿ ಅಂತ ಬರೆದದ್ದನ್ನೇ ತೆಗೆದುಕೊಳ್ಳಿ. ಅದರ ಕೇಬಲಿನಲ್ಲಿ ಇನ್ನೊಂದು ಫ್ಯಾನ್ ಸಿಕ್ಕಿಸಲು ಜಾಗ ಉಂಟು, ಒಂದೇ ಹೆಡರಿನಲ್ಲಿ ಎರಡೂ ಒಟ್ಟಿಗೆ ಏರಿ ಇಳಿಯುತ್ತವೆ. ನನ್ನ ಬೋರ್ಡಿನಲ್ಲಿ ಹೆಡರಿಗೆ ಬರ ಇರುವ ಕಾರಣ ಇದು ದೊಡ್ಡ ಉಪಕಾರ. ನಾನು ಎರಡನ್ನೂ ಮುಂದುಗಡೆ, ಗಾಳಿ ಒಳಗೆ ಎಳೆಯುವ ಹಾಗೆ ಹಾಕಿದ್ದೇನೆ. 600ರ ಆಸುಪಾಸಿನಲ್ಲಿ ಮೈಕಿಗೆ ಸಿಗುವುದು ಒಂದು ತೆಳು ಉಸಿರಿನಂತಹ ಸದ್ದು ಮಾತ್ರ. ಅದೂ ಏರಿಳಿಯುವುದಿಲ್ಲ, ಆಡಾಸಿಟಿ ಗುರುತೇ ಇಲ್ಲದ ಹಾಗೆ ತೆಗೆಯುತ್ತದೆ.

ಹಿಂದೆ 120ಕ್ಕೆ ಮಾತ್ರ ಜಾಗ. ಅಲ್ಲಿ ಅದೇ ಕಂಪನಿಯ ಪಿ12 ಹಾಕಿದೆ. ಇದರ ಬಗ್ಗೆ ಪೂರ್ತಿ ಖುಷಿ ಇಲ್ಲ. ಕೆಳಗಿನ ವೇಗದಲ್ಲಿ ಒಳ್ಳೆಯದು, ಮೇಲಿನ ವೇಗದಲ್ಲೂ ಬರೀ ಗಾಳಿಯ ಸದ್ದು. ನಡುವೆ 900ರಿಂದ 1000ದ ಹತ್ತಿರ ಮಾತ್ರ ನನ್ನ ಕೇಸಿನಲ್ಲಿ "ಗುಂಯ್" ಅಂತ ಒಂದು ನಾದ ಬರುತ್ತದೆ. ಜೋರಾಗಿ ಅಲ್ಲ, ಆದರೆ ಶ್ರುತಿಪೆಟ್ಟಿಗೆ ಯಾರೋ ಮುಚ್ಚಲು ಮರೆತ ಹಾಗೆ. ಪರಿಹಾರ ಸುಲಭ, ಆ ವೇಗದಲ್ಲಿ ಅದು ನಿಲ್ಲದ ಹಾಗೆ ಬಯೋಸಿನಲ್ಲಿ ಹಾಕಿಬಿಟ್ಟೆ. 800ರಲ್ಲಿ ಇರುತ್ತದೆ, ಬೇಕಾದರೆ ಒಮ್ಮೆಲೇ 1100ಕ್ಕೆ ಹಾರುತ್ತದೆ. ಇಷ್ಟು ತಲೆ ಕೆಡಿಸಿಕೊಳ್ಳುವ ಮನಸ್ಸು ಇಲ್ಲದವರು ಪಿ12 ಬಿಟ್ಟು ನಾಕ್ಟುವಾದ ರೆಡಕ್ಸ್ ಸಾಲಿನ ಪಿ12 ನೋಡಿ. ಹೆಸರು ಒಂದೇ, ಕಂಪನಿ ಬೇರೆ. ಬೂದು ಬಣ್ಣ, ಬೆಲೆಯೂ ನಾಕ್ಟುವಾಕ್ಕೆ ಹೋಲಿಸಿದರೆ ಸಾಧು.

ಪ್ರೊಸೆಸರಿನ ಚಿಕ್ಕ ಕೂಲರ್ ತೆಗೆದು ಡೀಪ್‌ಕೂಲ್ ಎಕೆ400 ಹಾಕಿದ್ದೇ ನಿಜವಾಗಿ ದೊಡ್ಡ ಬದಲಾವಣೆ. ಇದನ್ನು ಯಾರೂ ಮೊದಲು ಹೇಳುವುದಿಲ್ಲ. ಕೇಸಿನ ಫ್ಯಾನ್ ಎಷ್ಟು ಒಳ್ಳೆಯದು ತಂದರೂ ಪ್ರೊಸೆಸರಿನ ಮೇಲೆ ಚಿಕ್ಕ ಫ್ಯಾನ್ ಕೀಂ ಅನ್ನುತ್ತಾ ಇದ್ದರೆ ಏನು ಪ್ರಯೋಜನ? ಎಕೆ400ಕ್ಕೆ ನಾಲ್ಕು ಹೀಟ್ ಪೈಪ್, 120 ಮಿಲಿಮೀಟರ್ ಫ್ಯಾನ್, ಎತ್ತರ 155 ಮಿಲಿಮೀಟರ್. ಕೊಳ್ಳುವ ಮುಂಚೆ ಕೇಸಿನ ಅಗಲ ಅಳೆದುಕೊಳ್ಳಿ, ಇಲ್ಲದಿದ್ದರೆ ಬಾಗಿಲು ಹಾಕಲಿಕ್ಕೆ ಆಗುವುದಿಲ್ಲ.

ಅದರ ಫ್ಯಾನ್ ಕೆಟ್ಟದ್ದೇನಲ್ಲ. ಆದರೂ ಮಂಗಳೂರಿನಲ್ಲಿರುವ ಅಣ್ಣನ ಮಗ ಒಂದು ನಾಕ್ಟುವಾ ಎನ್‌ಎಫ್-ಎ12ಎಕ್ಸ್25 ತಂದು "ಅತ್ತೆ, ಇದು ಹಾಕಿ ನೋಡಿ" ಅಂತ ಕೊಟ್ಟ. ಆಸ್ಟ್ರಿಯಾದ ಕಂಪನಿ. ಕಾಫಿ ಬಣ್ಣ, ಕೆನೆ ಬಣ್ಣ, ನೋಡಿದವರು ಇದೆಂತ ಹಳೆಯದಾ ಅಂತ ಕೇಳುತ್ತಾರೆ. ಕಪ್ಪು ಬಣ್ಣದ್ದೂ ಸಿಗುತ್ತದೆ. ರೆಕ್ಕೆಯ ತುದಿಗೂ ಚೌಕಟ್ಟಿಗೂ ಅರ್ಧ ಮಿಲಿಮೀಟರ್ ಮಾತ್ರ ಎಡೆ. ಸಾಮಾನ್ಯ ಪ್ಲಾಸ್ಟಿಕ್ ಆದರೆ ತಿರುಗಿ ತಿರುಗಿ ಹಿಗ್ಗಿ ಉಜ್ಜಿಕೊಳ್ಳಬಹುದು. ಅದಕ್ಕೇ ಹಿಗ್ಗದ ಬೇರೆ ಗಟ್ಟಿ ಪಾಲಿಮರ್ ಬಳಸಿದ್ದಾರೆ. ಡಬ್ಬಿಯಲ್ಲಿ ರಬ್ಬರ್ ಗೂಟ, ಎರಡು ಫ್ಯಾನ್ ಜೋಡಿಸುವ ಕೇಬಲ್, ಉದ್ದದ ಕೇಬಲ್, ವೇಗ ತಗ್ಗಿಸುವ ಪುಟ್ಟ ಅಡಾಪ್ಟರ್ ಎಲ್ಲ ಉಂಟು. ಆರು ವರ್ಷ ವಾರಂಟಿ. ಪೂರ್ತಿ 2000 ವೇಗದಲ್ಲೂ 22.6 ಡಿಬಿಎ ಅಂತ ಕಂಪನಿ ಹೇಳುತ್ತದೆ. ನಾನು ಅಷ್ಟು ಓಡಿಸುವುದೇ ಇಲ್ಲ. ಇದರ ಗುಣ ಅಂದರೆ ಯಾವ ವೇಗದಲ್ಲೂ ನಾದ ಇಲ್ಲ, ಬರೀ ಗಾಳಿ. ಪಿ12ರ "ಗುಂಯ್" ಕೇಳಿದ ಕಿವಿಗೆ ವ್ಯತ್ಯಾಸ ಗೊತ್ತಾಗುತ್ತದೆ. ಆದರೆ ಇದೊಂದರ ಬೆಲೆಗೆ ಆರ್ಕ್ಟಿಕ್ ಮೂರಾದರೂ ಬರುತ್ತದೆ. ಉಡುಗೊರೆ ಅಲ್ಲದಿದ್ದರೆ ನಾನು ಕೊಳ್ಳುತ್ತಿರಲಿಲ್ಲ. ಕೊಳ್ಳುವವರನ್ನು ಬೈಯುವುದೂ ಇಲ್ಲ.

ಬೇರಿಂಗ್ ವಿಷಯ ಚಿಕ್ಕದಾಗಿ. ಅಗ್ಗದ್ದರಲ್ಲಿ ಇರುವುದು ಬುಶ್. ಹೊಸದರಲ್ಲಿ ಸದ್ದಿಲ್ಲ, ಒಳಗಿನ ಎಣ್ಣೆ ಒಣಗಿದ ಮೇಲೆ ಕರಕರ. ಫ್ಯಾನ್ ಮಲಗಿಸಿ ಹಾಕಿದರೆ, ಅಂದರೆ ಕೇಸಿನ ಮೇಲ್ಭಾಗದಲ್ಲಿ, ಇನ್ನೂ ಬೇಗ. ನಮ್ಮ ಸೆಕೆಗೆ ಎಫ್‌ಡಿಬಿ ಅಂತ ಬರೆದದ್ದನ್ನೇ ತೆಗೆದುಕೊಳ್ಳುವುದು ಲೇಸು. ಅದರಲ್ಲಿ ಎಣ್ಣೆಯ ಪದರದ ಮೇಲೆಯೇ ಅಚ್ಚು ತೇಲುತ್ತದೆ.

ಒಳ್ಳೆಯ ಫ್ಯಾನ್ ತಂದು ಬಯೋಸ್ ಮುಟ್ಟದೆ ಬಿಟ್ಟರೆ ಅರ್ಧ ದುಡ್ಡು ನೀರಿಗೆ. ಬ್ರೌಸರ್ ತೆರೆದರೆ ಸಾಕು, ಪ್ರೊಸೆಸರ್ ಬಿಸಿ ಕ್ಷಣದಲ್ಲಿ ಹತ್ತು ಹದಿನೈದು ಡಿಗ್ರಿ ಹಾರಿ ಮತ್ತೆ ಇಳಿಯುತ್ತದೆ. ಫ್ಯಾನ್ ಅದರ ಹಿಂದೆಯೇ ಓಡುತ್ತದೆ. ಅದೇ ಆ ಏರಿಳಿತ. ಇಂಟರ್ನೆಟ್ಟಿನಲ್ಲಿ ಸಿಗುವ ಲೆಕ್ಕಗಳು ಹೆಚ್ಚಾಗಿ 20-21 ಡಿಗ್ರಿಯಂತಹ ತಂಪು ಕೋಣೆಯವು. ಏಪ್ರಿಲಿನಲ್ಲಿ ನಮ್ಮ ಕೋಣೆಯೇ 33 ಇರುತ್ತದೆ, ರೆಕಾರ್ಡಿಂಗ್ ಹೊತ್ತಿಗೆ ಸೀಲಿಂಗ್ ಫ್ಯಾನೂ ಆಫ್. ಕೋಣೆಗಿಂತ ತಂಪು ಯಾವ ಕೂಲರೂ ಮಾಡುವುದಿಲ್ಲ. ಹಾಗಾಗಿ ಇಂಟರ್ನೆಟ್ಟಿನವರು ಪ್ರೊಸೆಸರ್ 45 ಡಿಗ್ರಿ ಆದಾಗ ಶುರು ಮಾಡುವ ಫ್ಯಾನ್ ವೇಗದ ಏರನ್ನು ನಾನು 65ಕ್ಕೆ ತಳ್ಳಿದ್ದೇನೆ. 65ರ ತನಕ ಒಂದೇ ವೇಗ, ಆಮೇಲೆ ನಿಧಾನಕ್ಕೆ ಏರು, 85ಕ್ಕೆ ಪೂರ್ತಿ. ಈ ಪ್ರೊಸೆಸರಿಗೆ ಎಎಮ್‌ಡಿ ಹಾಕಿದ ಮಿತಿಯೇ 95 ಡಿಗ್ರಿ, ಹೆದರಿಕೆ ಇಲ್ಲ. ಸ್ಟೆಪ್ ಅಪ್ ಟೈಮ್ ಅಂತ ಏನಾದರೂ ಕಂಡರೆ ಅದನ್ನು ಜಾಸ್ತಿ ಮಾಡಿ, ಬಿಸಿ ಹಾರಿದ ಕೂಡಲೇ ಫ್ಯಾನ್ ಹಾರುವುದಿಲ್ಲ. ವಿಂಡೋಸಿನವರಿಗೆ ಫ್ಯಾನ್‌ಕಂಟ್ರೋಲ್ ಅಂತ ಧರ್ಮಕ್ಕೆ ಸಿಗುವ ಸಾಫ್ಟ್‌ವೇರ್ ಉಂಟು. ಲಿನಕ್ಸಿನಲ್ಲಿ ಎಲ್‌ಎಂ-ಸೆನ್ಸರ್ಸ್ ಹಾಕಿ ಮಾಡಬಹುದು, ನನಗೆ ಬಯೋಸೇ ಸಾಕಾಯಿತು.

ಇನ್ನು ನಮ್ಮ ಊರಿನ ಶತ್ರು, ಧೂಳು. ಅಡಿಕೆ ಸುಲಿಯುವ ಸಮಯದಲ್ಲಿ ಅಂಗಳದಿಂದ ಏಳುವ ನಾರಿನ ಧೂಳು ಕಿಟಕಿಯಲ್ಲಿ ಬಂದು ಸೀದಾ ಕೇಸಿನ ಮುಂದಿನ ಜಾಲರಿಗೆ ಕೂರುತ್ತದೆ. ಉಳಿದ ಕಾಲಕ್ಕೆ ಮುರಕಲ್ಲಿನ ಕೆಂಪು ಹುಡಿ. ಜಾಲರಿ ಕಟ್ಟಿದರೆ ಗಾಳಿ ಕಡಿಮೆ, ಬಿಸಿ ಜಾಸ್ತಿ, ಫ್ಯಾನ್ ಓಡುತ್ತದೆ, ಸದ್ದು. ಜನ ಫ್ಯಾನ್ ಹಾಳಾಯಿತು ಅಂತ ಹೊಸದು ತರುತ್ತಾರೆ. ಜಾಲರಿ ಬಿಚ್ಚಿ ನಲ್ಲಿ ಕೆಳಗೆ ತೊಳೆದು ಚೆನ್ನಾಗಿ ಒಣಗಿಸಿ ಹಾಕಿ. ಬ್ಲೋವರ್ ಹಿಡಿಯುವವರು ಫ್ಯಾನಿನ ರೆಕ್ಕೆಯನ್ನು ಬೆರಳಲ್ಲಿ ಒತ್ತಿ ಹಿಡಿಯಿರಿ, ಗಾಳಿಗೆ ಹುಚ್ಚು ವೇಗದಲ್ಲಿ ತಿರುಗಿದರೆ ಬೇರಿಂಗಿಗೆ ಒಳ್ಳೆಯದಲ್ಲ.

ಇಷ್ಟೆಲ್ಲ ಆದ ಮೇಲೆ ಈಗ ಕೇಳುತ್ತಿರುವುದು ಎಸ್‌ಎಂಪಿಎಸ್ ಒಳಗಿನ ಫ್ಯಾನ್. ಮೊದಲು ಉಳಿದ ಗಲಾಟೆಯಲ್ಲಿ ಮುಚ್ಚಿಹೋಗಿತ್ತು. ಅದನ್ನು ಬಿಚ್ಚಿ ಫ್ಯಾನ್ ಬದಲಿಸುವ ಸಾಹಸ ನೀವೂ ಮಾಡಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಕರೆಂಟ್ ಉಳಿದಿರುತ್ತದೆ. ಪೂರ್ತಿ ಹೊಸದೇ ಬೇಕು. ಶಾಲೆಗೆ ರಜೆ ಸಿಕ್ಕಿದ ಮೇಲೆ ನೋಡುವುದು, ಅಷ್ಟರ ತನಕ ಆಡಾಸಿಟಿಯೇ ಗತಿ.