ಜಂಗಲ್ ಕಾರ್ಬೈನ್ ಕೊಳ್ಳುವ ಮುಂಚೆ ಮೇಲಿನ ಮರ ಬಿಚ್ಚಿಸಿ ನೋಡಿ

ಅಮೆರಿಕದಲ್ಲಿದ್ದು ಹಳೆಯ ಮಿಲಿಟರಿ ಬಂದೂಕು ಕೂಡಿಡುವ ಹವ್ಯಾಸ ಇರುವ ಕನ್ನಡದವರಿಗೆ ಇದನ್ನು ಹೇಳಲೇಬೇಕು. ಲೀ-ಎನ್‌ಫೀಲ್ಡ್ ನಂಬರ್ 5 ಮಾರ್ಕ್ 1, ಅಂದರೆ ಎಲ್ಲರೂ ಜಂಗಲ್ ಕಾರ್ಬೈನ್ ಅನ್ನುವ ಬಂದೂಕಿನಲ್ಲಿ ನಕಲಿ ತುಂಬಾ ಓಡಾಡುತ್ತಿದೆ. ನನ್ನ ಕೈಗೆ ಬಂದದ್ದೂ ನಕಲಿಯೇ. ದುಡ್ಡು ಹೋಗಿದ್ದು ದೊಡ್ಡದಲ್ಲ. ಅದನ್ನು ಹಾರಿಸಿದ್ದರೆ ಕಣ್ಣು ಹೋಗುವ ಸಾಧ್ಯತೆ ಇತ್ತು.

ನಾನು ಕೊಡಗಿನವನು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ತೋಕ್‌ಪೂ ಹೂ ಸಿಕ್ಕಿಸಿ ಪೂಜೆ ಮಾಡುವ ಮನೆಯಲ್ಲಿ ಬೆಳೆದವನು. ಬರ್ಮಾ ಯುದ್ಧದ ಕಥೆ ಕೇಳಿದವನಿಗೆ, ಕಾಡಿನ ಹೆಸರನ್ನೇ ಹೊತ್ತ ಬಂದೂಕಿನ ಮೇಲೆ ಆಸೆ ಹುಟ್ಟುವುದು ಸಹಜ ಅಲ್ವಾ?

ಅಸಲಿ ಹೇಗಿರುತ್ತದೆ ಅಂತ ಮೊದಲು ತಿಳಿದುಕೊಳ್ಳಿ. 1944ರಿಂದ 1947ರವರೆಗೆ ಇಂಗ್ಲೆಂಡಿನ ಫಜಾಕರ್ಲಿ ಮತ್ತು ಶರ್ಲಿ ಕಾರ್ಖಾನೆಗಳಲ್ಲಿ ಮಾತ್ರ ಇವನ್ನು ಮಾಡಿದರು. ಒಟ್ಟು ಸುಮಾರು 2.5 ಲಕ್ಷ. ಮಾಮೂಲಿ ನಂಬರ್ 4 ರೈಫಲ್ 4 ಕೆಜಿ ತೂಗುತ್ತದೆ. ಇದು 3.2 ಕೆಜಿ. ಆ ತೂಕ ಇಳಿಸಲು ನಳಿಗೆ ಗಿಡ್ಡ ಮಾಡಿದ್ದಷ್ಟೇ ಅಲ್ಲ, ಕಬ್ಬಿಣವನ್ನೇ ಅಲ್ಲಲ್ಲಿ ಕೊರೆದು ತೆಗೆದರು. ನಕಲಿ ಮಾಡುವವರು ಈ ಕೆಲಸಕ್ಕೆ ಹೋಗುವುದಿಲ್ಲ. ನಂಬರ್ 4 ರೈಫಲ್‌ಗಳು ಲಕ್ಷಗಟ್ಟಲೆ ತಯಾರಾಗಿವೆ. ಅದರ ನಳಿಗೆ ಕತ್ತರಿಸಿ, ತುದಿಗೆ ಆಲಿಕೆಯಂಥ ಫ್ಲ್ಯಾಶ್ ಹೈಡರ್ (ಹಾರಿಸಿದಾಗ ಬರುವ ಬೆಂಕಿಯ ಹೊಳಪು ಮರೆಮಾಡುವ ಭಾಗ) ಸಿಕ್ಕಿಸಿ, ಹೊಸ ಮರ ಹಾಕಿ ಕೊಡುತ್ತಾರೆ.

ನಾನು ಕೊಂಡದ್ದು ಒಂದು ಗನ್ ಶೋನಲ್ಲಿ, ಒಬ್ಬ ಖಾಸಗಿ ಮಾರಾಟಗಾರನ ಹತ್ತಿರ. ಭಾಗಗಳ ಮೇಲಿನ ಎಲ್ಲ ನಂಬರೂ ಒಂದೇ, ಎಲ್ಲ ಅಸಲಿ ಅಂತ ಅವನು ಆಣೆ ಇಟ್ಟು ಹೇಳಿದ. ನಳಿಗೆ ಮೇಲಿನ ಮರ ಬಿಚ್ಚಿ ತೋರಿಸಿ ಅಂದೆ. ‘ಹಳೆಯ ಮರ, ಬಿಚ್ಚಿದರೆ ಸೀಳುತ್ತದೆ’ ಅಂದ. ಆ ಮಾತು ಯಾರೇ ಹೇಳಲಿ, ಅಲ್ಲಿಂದ ಎದ್ದು ಬನ್ನಿ. ನಾನು ಹಾಗೆ ಮಾಡದೆ ಕೊಂಡುಬಿಟ್ಟೆ. ಆಮೇಲೆ ಬಂದೂಕು ರಿಪೇರಿ ಮಾಡುವ ಗನ್‌ಸ್ಮಿತ್ ಎರಡೇ ನಿಮಿಷದಲ್ಲಿ ಆ ಮರ ಬಿಚ್ಚಿದ. ಏನೂ ಸೀಳಲಿಲ್ಲ.

ಒಳಗೆ ನಳಿಗೆಯ ಬುಡ ದಪ್ಪಗೆ, ನುಣ್ಣಗೆ ಇತ್ತು. ಅಸಲಿಯಲ್ಲಿ ಅಲ್ಲಿ ಉದ್ದಕ್ಕೆ ಕೊರೆದ ತೋಡುಗಳು ಇರುತ್ತವೆ. ಬೋಲ್ಟಿನ (ತೋಟಾವನ್ನು ಒಳಕ್ಕೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ) ಹಿಡಿಯ ಗುಂಡಿ ಒಳಗೆ ಟೊಳ್ಳಾಗಿರಬೇಕು, ಇದರದು ಗಟ್ಟಿ. ಹಿಂದಿನ ಗುರಿ ಪಟ್ಟಿಯಲ್ಲಿ 800 ಗಜದವರೆಗೆ ಮಾತ್ರ ಅಂಕಿ ಇರಬೇಕು, ಇಲ್ಲಿ 1300ರವರೆಗೆ ಇತ್ತು. ಫ್ಲ್ಯಾಶ್ ಹೈಡರ್ ಅನ್ನು ಪಿನ್ ಹೊಡೆದು ಕೂರಿಸಿರಬೇಕು, ಇದಕ್ಕೆ ಸಣ್ಣ ಸ್ಕ್ರೂ. ರಿಸೀವರಿನ (ಬೋಲ್ಟ್ ಕೂರುವ ಮುಖ್ಯ ಕಬ್ಬಿಣದ ಭಾಗ) ಎಡಗಡೆ ಕೈಬರಹದಂತೆ ಗೀಚಿದ ‘ನಂಬರ್ 5 ಮಾರ್ಕ್ 1’ ಗುರುತು ಇತ್ತು, ಆದರೆ ಅದರ ಸುತ್ತ ಕಬ್ಬಿಣವನ್ನು ಉಜ್ಜಿದ್ದು ಬೆಳಕಿಗೆ ಹಿಡಿದರೆ ಕಾಣುತ್ತಿತ್ತು.

ಇಷ್ಟೇ ಆಗಿದ್ದರೆ ಮೋಸ ಅಂದುಕೊಂಡು ಸುಮ್ಮನಾಗಬಹುದಿತ್ತು. ಬೋಲ್ಟಿನ ಮೇಲಿನ ನಂಬರು ಬೇರೆಯದೇ ಆಗಿತ್ತು, ಅದನ್ನು ಒರೆಸಿ ಹೊಸದಾಗಿ ಹೊಡೆದಿದ್ದರು. ಬೇರೆ ಬಂದೂಕಿನ ಬೋಲ್ಟ್ ತಂದು ಹಾಕಿದರೆ ಹೆಡ್‌ಸ್ಪೇಸ್ (ಬೋಲ್ಟ್ ಮುಚ್ಚಿದಾಗ ತೋಟಾದ ಬುಡದ ಅಂಚಿಗೆ ಉಳಿಯುವ ಜಾಗ) ತಪ್ಪಬಹುದು. ಆಗ ಆ ಅಂಚಿಗೆ ಇರಬೇಕಾದ ಜಾಗಕ್ಕಿಂತ ಜಾಸ್ತಿ ಸಡಿಲ ಆಗುತ್ತದೆ. 0.074 ಇಂಚಿನ ಅಳತೆ ಗೇಜ್ ಒಳಗಿಟ್ಟರೆ ಬೋಲ್ಟ್ ಮುಚ್ಚಬಾರದು. ನನ್ನದು ಬೆರಳಿನಿಂದ ತಳ್ಳಿದರೆ ಸಲೀಸಾಗಿ ಮುಚ್ಚಿತು. ಹೀಗಿರುವಾಗ ಹಾರಿಸಿದರೆ ತೋಟಾದ ಹಿತ್ತಾಳೆ ಎಳೆದುಕೊಂಡು, ಬುಡದ ಹತ್ತಿರ ಹರಿದು, ಬಿಸಿ ಗ್ಯಾಸ್ ಹಿಂದಕ್ಕೆ ಬರಬಹುದು. ಅದೇ ಬಂದೂಕಿನಿಂದ ಮೊದಲೇ ಹಾರಿಸಿದ ಖಾಲಿ ತೋಟಾಗಳನ್ನು ಮಾರುವವನ ಹತ್ತಿರ ಕೇಳಿ ನೋಡಿ. ಬುಡದಿಂದ ಸ್ವಲ್ಪ ಮೇಲೆ ಹೊಳೆಯುವ ಉಂಗುರ ಕಂಡರೆ ಅಪಾಯ ಅಂತಲೇ ಅರ್ಥ.

ನಮ್ಮ ದೇಶದ ಬಂದೂಕಿನ ಹೆಸರಲ್ಲೂ ಇದೇ ಕೆಲಸ ನಡೆಯುತ್ತದೆ. ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆಯಲ್ಲಿ 1960 ಮತ್ತು 70ರ ದಶಕಗಳಲ್ಲಿ ಮಾಡಿದ 2ಎ1 ರೈಫಲ್‌ಗಳನ್ನು ಗಿಡ್ಡ ಮಾಡಿ ಜಂಗಲ್ ಕಾರ್ಬೈನ್ ಅಂತ ಮಾರುತ್ತಾರೆ. ಅವಕ್ಕೆ 12 ಗುಂಡಿನ ಚೌಕ ಮ್ಯಾಗಜಿನ್ ಇರುತ್ತದೆ, ಹಾರಿಸುವುದು 7.62 ನ್ಯಾಟೋ ಗುಂಡು, ಅಸಲಿ ಜಂಗಲ್ ಕಾರ್ಬೈನಿನ .303 ಗುಂಡು ಅಲ್ಲ. ಗಿಡ್ಡ ಮಾಡಿದ್ದು ಅಂತ ಹೇಳಿ, ಅದಕ್ಕೆ ತಕ್ಕ ಬೆಲೆಗೆ ಕೊಟ್ಟರೆ ತಕರಾರಿಲ್ಲ.

ಅಸಲಿ ಸಿಕ್ಕರೆ ದಯವಿಟ್ಟು ಅದನ್ನು ಚೆಂದ ಮಾಡಲು ಹೋಗಬೇಡಿ. ಮರ ಉಜ್ಜಿ ವಾರ್ನಿಶ್ ಹೊಡೆಯುವುದು, ಸ್ಕೋಪಿಗೆ ಅಂತ ರಿಸೀವರಿಗೆ ತೂತು ಕೊರೆಯುವುದು ಬೇಡ. ಮುದ್ರೆಗಳು ಹೋದರೆ ಮತ್ತೆ ಬರುವುದಿಲ್ಲ. 50 ವರ್ಷ ದಾಟಿದ ಬಂದೂಕಿಗೆ ಅಮೆರಿಕದ ಕಾನೂನಿನಲ್ಲಿ ಸಿಗುವ ಕ್ಯೂರಿಯೋ (ಸಂಗ್ರಹಕ್ಕೆ ಇಡುವ ಹಳೆಯ ವಸ್ತು) ಸ್ಥಾನವೂ ಮೂಲ ರೂಪ ಉಳಿದಿದ್ದರೆ ಮಾತ್ರ. ಹಳೆಯ ಮಿಲಿಟರಿ ಗುಂಡು ಹಾರಿಸಿದ ದಿನವೇ ನಳಿಗೆಗೆ ಬಿಸಿನೀರು ಸುರಿದು, ಒರೆಸಿ, ಆಮೇಲೆ ಎಣ್ಣೆ ಹಚ್ಚಿ. ಅದರ ಪ್ರೈಮರಿನಿಂದ (ಗುಂಡಿಗೆ ಕಿಡಿ ಕೊಡುವ ಮದ್ದು) ಉಳಿಯುವ ಉಪ್ಪು ಬರೀ ಎಣ್ಣೆಗೆ ಕರಗುವುದಿಲ್ಲ, ತುಕ್ಕು ಹಿಡಿಸುತ್ತದೆ.

ಎಚ್-1ಬಿ ವೀಸಾದಲ್ಲಿರುವ ಹುಡುಗರಿಗೆ ಒಂದು ಮಾತು. ಬೇಟೆ ಲೈಸೆನ್ಸಿನಂಥ ವಿನಾಯಿತಿ ಇಲ್ಲದೆ ಬಂದೂಕಾಗಲಿ ಗುಂಡಾಗಲಿ ಇಟ್ಟುಕೊಂಡರೆ ಅದು ಫೆಡರಲ್ ಅಪರಾಧ. ಮೊದಲು ವಕೀಲರ ಹತ್ತಿರ ಮಾತಾಡಿ. ಊರಿಗೆ ಒಯ್ಯುವ ಯೋಚನೆಯಂತೂ ಬೇಡ, ಭಾರತದಲ್ಲಿ .303 ಜನಸಾಮಾನ್ಯರಿಗೆ ನಿಷೇಧಿತ ಬೋರ್ (ನಳಿಗೆಯ ಅಳತೆ).

ನನಗೆ ಮಾರಿದವನು ಫೋನ್ ಎತ್ತುತ್ತಿಲ್ಲ. ಯಾರಾದರೂ ಜಂಗಲ್ ಕಾರ್ಬೈನ್ ನೋಡುತ್ತಿದ್ದರೆ ನಳಿಗೆಯ ಬುಡ, ಬೋಲ್ಟಿನ ಗುಂಡಿ, ರಿಸೀವರಿನ ಎಡಗಡೆ, ಈ ಮೂರರ ಫೋಟೋ ಕಳಿಸಿ. ದುಡ್ಡು ಕೊಡುವ ಮುಂಚೆ ಕೂತು ಒಟ್ಟಿಗೆ ನೋಡೋಣ.