ಮನೆಗೆ ಜನರೇಟರ್ ಬೇಕೇ, ಇನ್ವರ್ಟರ್ ಸಾಕೇ?

ವಿಜಯಪುರದ ಬೇಸಿಗೆ ಕಂಡವರಿಗೆ ಫ್ಯಾನ್ ನಿಂತರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಅದೇ ದಿನಗಳಲ್ಲಿ ಸಂಜೆ ಗುಡುಗು ಗಾಳಿಯೊಂದಿಗೆ ಮಳೆ ಬಂದು, ಎಲ್ಲೋ ಒಂದು ಮರ ತಂತಿಯ ಮೇಲೆ ಬಿದ್ದರೆ ರಾತ್ರಿಯಿಡೀ ಕತ್ತಲು. ನಮ್ಮ ಮನೆಯಲ್ಲಿ ಉಬ್ಬಸವಿರುವ ಅವ್ವ ಇದ್ದಾಳೆ, ಎಪ್ಪತ್ತು ದಾಟಿದ ಅಪ್ಪ ಇದ್ದಾರೆ. ಜನರೇಟರ್, ಇನ್ವರ್ಟರ್ ಎರಡನ್ನೂ ಬಳಸಿ ನೋಡಿದ ಮೇಲೆ ನನ್ನ ಒಲವು ಇನ್ವರ್ಟರ್ ಕಡೆಗೇ. ಕರೆಂಟ್ ಹೋದಾಗ ಅದನ್ನು ಯಾರೂ ಎದ್ದು ಹೋಗಿ ಚಾಲು ಮಾಡಬೇಕಾಗಿಲ್ಲ.

ಜನರೇಟರ್ ನಮ್ಮದಲ್ಲ, ತಿಕೋಟಾ ಕಡೆ ದ್ರಾಕ್ಷಿ ತೋಟವಿರುವ ಸೋದರಮಾವನದು. ಬೇಸಿಗೆ ಮುಗಿಯುವವರೆಗೆ ಇಟ್ಟುಕೊಳ್ಳಿ ಎಂದು ಪೆಟ್ರೋಲಿನಿಂದ ಓಡುವ ಸಣ್ಣ ಯಂತ್ರವನ್ನು ಕಳಿಸಿಕೊಟ್ಟಿದ್ದ. ತೋಟದಲ್ಲಿ ದಿನವೂ ಓಡುತ್ತಿದ್ದಾಗ ಅದು ಒಂದೇ ಎಳೆತಕ್ಕೆ ಚಾಲು ಆಗುತ್ತಿತ್ತಂತೆ. ನಮ್ಮಲ್ಲಿ ಕೆಲವು ವಾರ ಸುಮ್ಮನೆ ಕುಳಿತ ಮೇಲೆ ಅದರ ಸ್ವಭಾವವೇ ಬದಲಾಯಿತು. ಮಳೆಯ ರಾತ್ರಿ ಚೋಕ್ ಎಳೆದು, ಹಗ್ಗ ಎಳೆದು, ಮತ್ತೆ ಎಳೆದು ನನ್ನ ಭುಜ ಸೋತಿತೇ ಹೊರತು ಎಂಜಿನ್ ಕೆಮ್ಮಲೂ ಇಲ್ಲ.

ಮರುದಿನ ಮೆಕ್ಯಾನಿಕ್, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್‌ಗೆ ಕೊಡುವ ಕಾರ್ಬ್ಯುರೇಟರ್ ಬಿಚ್ಚಿ ಅದರ ಬಟ್ಟಲನ್ನು ನನ್ನ ಕೈಗೆ ಕೊಟ್ಟರು. ತಳದಲ್ಲಿ ಹಳದಿ ಬಣ್ಣದ ಅಂಟು ಕುಳಿತಿತ್ತು. ಸೂಜಿಯ ಮೊನೆಯೂ ಕಷ್ಟದಿಂದ ಹೋಗುವಂಥ, ಪೆಟ್ರೋಲ್ ಹಾಯುವ ಜೆಟ್‌ನ ರಂಧ್ರ ಪೂರ್ತಿ ಮುಚ್ಚಿಹೋಗಿತ್ತು. ನಿಂತ ಪೆಟ್ರೋಲ್ ಆವಿಯಾಗುತ್ತಾ ಹೀಗೆ ಅಂಟಾಗುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುವುದರಿಂದ ಗಾಳಿಯ ತೇವವನ್ನೂ ಹೀರುತ್ತದೆ. ಅವರು ಹೇಳಿಕೊಟ್ಟ ಉಪಾಯ ಸರಳ: ನಿಲ್ಲಿಸುವಾಗ ಸ್ವಿಚ್ ಒತ್ತಬಾರದು, ಪೆಟ್ರೋಲ್ ಕಾಕ್ ಮುಚ್ಚಿ, ಕಾರ್ಬ್ಯುರೇಟರ್ ಬರಿದಾಗಿ ಎಂಜಿನ್ ತಾನಾಗಿಯೇ ನಿಲ್ಲಲು ಬಿಡಬೇಕು. ಕರೆಂಟ್ ಹೋಗಲಿ ಬಿಡಲಿ, ಆಗಾಗ ಹತ್ತು ನಿಮಿಷ ಓಡಿಸಬೇಕು.

ಉಪಾಯ ಒಳ್ಳೆಯದೇ. ಆದರೆ ಪಾಲಿಸುವವರು ಯಾರು? ನಾನು ಹಗಲು ಕೆಲಸದಲ್ಲಿರುತ್ತೇನೆ, ಅಪ್ಪನಿಗೆ ಹಗ್ಗ ಎಳೆಯುವ ಶಕ್ತಿಯಿಲ್ಲ. ಬಟನ್ ಒತ್ತಿದರೆ ಚಾಲು ಆಗುವ ಮಾದರಿಗಳಿವೆ, ಆದರೆ ಅದರ ಬ್ಯಾಟರಿಗೂ ಚಾರ್ಜ್ ಇರಬೇಕು. ಪೆಟ್ರೋಲ್ ಮುಗಿದರೆ ಬಂಕಿಗೆ ಹೋಗಬೇಕು, ಪ್ಲಾಸ್ಟಿಕ್ ಬಾಟಲಿ ಹಿಡಿದು ಹೋದರೆ ಕೊಡುವುದಿಲ್ಲ. ಮಳೆ ಬಂದರೂ ಯಂತ್ರವನ್ನು ಒಳಗೆ ತರುವಂತಿಲ್ಲ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಮೇಲೇಳುವುದಿಲ್ಲ. ಉಬ್ಬಸದವರಿರುವ ಮನೆಯ ಕಿಟಕಿಯ ಕೆಳಗಂತೂ ಇಡಲೇಬಾರದು.

ಇನ್ನೊಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಜನರೇಟರಿನ ವೈರನ್ನು ಗೋಡೆಯ ಸಾಕೆಟ್ಟಿಗೆ ಚುಚ್ಚಿ ಮನೆಗೆಲ್ಲ ಕರೆಂಟ್ ಕೊಡುವ ಅಭ್ಯಾಸ ಕೆಲವರಿಗಿದೆ. ಆ ಕರೆಂಟ್ ಮನೆಯಲ್ಲೇ ನಿಲ್ಲುವುದಿಲ್ಲ. ಹಿಂದಕ್ಕೆ ಹರಿದು ಬೀದಿಯ ಟ್ರಾನ್ಸ್‌ಫಾರ್ಮರ್ ಸೇರಿದರೆ, ಅದು ಉಲ್ಟಾ ಕೆಲಸ ಮಾಡಿ ಆಚೆಯ 11,000 ವೋಲ್ಟ್ ತಂತಿಗೆ ಜೀವ ತುಂಬುತ್ತದೆ. ತಂತಿ ಸತ್ತಿದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಗತಿ ಏನು? ಫೇಸ್, ನ್ಯೂಟ್ರಲ್ ಎರಡನ್ನೂ ಬೀದಿಯ ಲೈನಿನಿಂದ ಬಿಡಿಸಿ ಜನರೇಟರಿಗೆ ಬದಲಿಸುವ ಚೇಂಜ್ ಓವರ್ ಸ್ವಿಚ್ ಇಲ್ಲದೆ ಜನರೇಟರ್ ಜೋಡಿಸಲೇಬೇಡಿ.

ಈಗ ಇನ್ವರ್ಟರ್. 12 ವೋಲ್ಟಿನ 150 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿಯಲ್ಲಿ ಲೆಕ್ಕಕ್ಕೆ 1,800 ವ್ಯಾಟ್-ಗಂಟೆ ಇರುತ್ತದೆ. ಪೂರ್ತಿ ಬರಿದು ಮಾಡಬಾರದು, ಪರಿವರ್ತನೆಯಲ್ಲೂ ಸೋರುತ್ತದೆ, ಹಾಗಾಗಿ ಕೈಗೆ ಸಿಗುವುದು ಸುಮಾರು 1,200. ಹಳೆಯ ಫ್ಯಾನ್ ಒಂದು 70-75 ವ್ಯಾಟ್ ತಿನ್ನುತ್ತಿತ್ತು. ಮೂರು ಫ್ಯಾನ್‌ಗಳನ್ನು ಕಡಿಮೆ ಕರೆಂಟ್ ತಿನ್ನುವ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್‌ಗಳಿಗೆ ಬದಲಿಸಿದೆವು. ನಾಲ್ಕು ಎಲ್‌ಇಡಿ ದೀಪ ಸೇರಿದರೂ 130 ವ್ಯಾಟ್ ದಾಟುವುದಿಲ್ಲ, ಅಂದರೆ ಬ್ಯಾಟರಿ ಹೊಸದಿರುವಾಗ ಒಂದು ರಾತ್ರಿ ನಿಶ್ಚಿಂತೆ. ಅವ್ವನ ನೆಬ್ಯುಲೈಜರ್ ಕೂಡ ಅದರಲ್ಲೇ ನಡೆಯುತ್ತದೆ. ಕರೆಂಟ್ ಹೋದದ್ದು ಅವಳಿಗೆ ಬೆಳಗ್ಗೆ ನಾವು ಹೇಳಿದರೆ ಗೊತ್ತಾಗುತ್ತದೆ.

ಬೇಸಿಗೆಯಲ್ಲಿ ಬ್ಯಾಟರಿಯ ನೀರು ಬೇಗ ಇಳಿಯುತ್ತದೆ. ಡಿಸ್ಟಿಲ್ಡ್ ನೀರನ್ನೇ ಹಾಕಬೇಕು. ನಮ್ಮ ಬೋರಿನ ಗಡಸು ನೀರು ಹಾಕಿದರೆ ಪ್ಲೇಟುಗಳು ಹಾಳಾಗುತ್ತವೆ.

ನೀರೆತ್ತುವ ಒಂದು ಅಶ್ವಶಕ್ತಿಯ ಮೋಟರನ್ನು ಈ ಇನ್ವರ್ಟರ್ ಎಳೆಯುವುದಿಲ್ಲ, ಜನರೇಟರಿನ ಪರ ವಾದಿಸುವವರು ಮೊದಲು ಹಿಡಿಯುವುದೇ ಈ ಅಂಶವನ್ನು. ಮೋಟರ್ ಚಾಲು ಆಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುವುದರಿಂದ ಮಾವನ ಸಣ್ಣ ಜನರೇಟರ್ ಕೂಡ ಆ ಭಾರಕ್ಕೆ ಕುಸಿಯುತ್ತಿತ್ತು. ದೊಡ್ಡದನ್ನು ಕೊಳ್ಳುವ ಬದಲು ಮಾಳಿಗೆಯ ಮೇಲೆ ಇನ್ನೊಂದು ಸಾವಿರ ಲೀಟರಿನ ಟ್ಯಾಂಕ್ ಕೂರಿಸಿದೆವು. ಕರೆಂಟ್ ಇದ್ದಾಗ ಎರಡೂ ತುಂಬಿರುತ್ತವೆ.

ಡೀಸೆಲ್ ಸೆಟ್ ನಮ್ಮ ಬಜೆಟ್ಟಿನಲ್ಲಿ ಇರಲಿಲ್ಲ. ಸೋಲಾರ್ ಹಾಕಿಸಿದರೆ ಸಾಕೆಂದು ಹೇಳುವವರು ಗಮನಿಸಬೇಕು: ಬೀದಿಯ ಲೈನಿಗೆ ಜೋಡಿಸಿದ, ಬ್ಯಾಟರಿಯಿಲ್ಲದ ಗ್ರಿಡ್ ಸೋಲಾರ್, ಕರೆಂಟ್ ಹೋದೊಡನೆ ತಾನೂ ನಿಲ್ಲುತ್ತದೆ, ಲೈನ್‌ಮನ್ ಜೀವ ಉಳಿಸಲೆಂದೇ.

ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ರೋಗಿಗೆ ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರ್ ಬಳಸುವವರಿರುವ ಮನೆಗೆ ನನ್ನ ತೀರ್ಪು ಬೇರೆ. ನಿಮಿಷಕ್ಕೆ ಐದು ಲೀಟರ್ ಕೊಡುವ ಯಂತ್ರ 300 ವ್ಯಾಟಿಗೂ ಹೆಚ್ಚು ಎಳೆಯುವುದರಿಂದ ನಮ್ಮಂಥ ಬ್ಯಾಟರಿ ನಾಲ್ಕು ಗಂಟೆಗೇ ಕೈಬಿಡುತ್ತದೆ. ಅಲ್ಲಿ ಇನ್ವರ್ಟರ್ ಜೊತೆಗೆ ಜನರೇಟರ್ ಕೂಡ ಇರಲಿ, ಅದನ್ನು ವಾರಕ್ಕೊಮ್ಮೆ ಓಡಿಸುವ ಗಟ್ಟಿ ಕೈಯೊಂದು ಮನೆಯಲ್ಲಿರಲಿ, ತುಂಬಿದ ಆಕ್ಸಿಜನ್ ಸಿಲಿಂಡರ್ ಒಂದು ಮೂಲೆಯಲ್ಲಿರಲಿ.