ಸೆಟ್ಲ್–ಕಾರ್ಲೈಲ್ ಉಗಿಬಂಡಿ: ಟಿಕೆಟ್ ಕೊಳ್ಳಬೇಕೆ, ಬೇಲಿಯ ಆಚೆ ನಿಂತು ನೋಡಬೇಕೆ?

ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಸೆಟ್ಲ್ ಎಂಬ ಪುಟ್ಟ ಊರಿನ ಬಳಿಯಿಂದ ಸ್ಕಾಟ್ಲೆಂಡಿನ ಗಡಿಗೆ ಸಮೀಪದ ಕಾರ್ಲೈಲ್ ನಗರದವರೆಗೆ ಬೋಳು ಬೆಟ್ಟಗಳ ನಡುವೆ ಹಾದುಹೋಗುವ ಸುಮಾರು 116 ಕಿಲೋಮೀಟರಿನ ರೈಲು ಮಾರ್ಗವೊಂದಿದೆ. ವರ್ಷದ ಹಲವು ದಿನಗಳಂದು ಈ ಮಾರ್ಗದಲ್ಲಿ ಉಗಿ ಎಂಜಿನ್ ಎಳೆಯುವ ವಿಹಾರ ರೈಲುಗಳು ಓಡುತ್ತವೆ. ಊಟಿಯ ಪುಟಾಣಿ ರೈಲನ್ನು ಮನಸ್ಸಿನಲ್ಲಿಟ್ಟುಕೊಂಡು ಬರುವವರಿಗೆ ಮೊದಲೇ ಹೇಳುವುದು ಒಳ್ಳೆಯದು: ಇದು ಪ್ರವಾಸಿಗರಿಗೆಂದೇ ಉಳಿಸಿಕೊಂಡ ಪ್ರತ್ಯೇಕ ಹಳಿಯಲ್ಲ. ದಿನನಿತ್ಯದ ಪ್ರಯಾಣಿಕರ ಬಂಡಿಗಳೂ ಸರಕು ಬಂಡಿಗಳೂ ಓಡಾಡುವ ಮುಖ್ಯ ಮಾರ್ಗದಲ್ಲಿ, ಅವುಗಳ ನಡುವೆ ಸಿಕ್ಕ ಬಿಡುವಿನಲ್ಲಿ, ಸುಮಾರು ತೊಂಬತ್ತು ವರ್ಷ ಹಳೆಯ ಎಂಜಿನ್ ಒಂದು ಹನ್ನೆರಡು ಬೋಗಿಗಳನ್ನು ಕಟ್ಟಿಕೊಂಡು ಗಂಟೆಗೆ 96 ಕಿಲೋಮೀಟರ್ ವೇಗದವರೆಗೂ ಓಡುತ್ತದೆ.

ಈ ಸೇವೆಯನ್ನು ಒಂದಕ್ಕಿಂತ ಹೆಚ್ಚು ಸಂಸ್ಥೆಗಳು ಒದಗಿಸುತ್ತವೆ. ಆದರೆ ಉಗಿಬಂಡಿಯ ಹುಚ್ಚಿರುವವರು ಸಂಸ್ಥೆಯ ಹೆಸರನ್ನು ನೋಡುವುದಿಲ್ಲ, ಎಂಜಿನ್‌ನ ಹೆಸರನ್ನು ನೋಡುತ್ತಾರೆ. ನನ್ನ ಸಲಹೆಯೂ ಅದೇ. ಈ ಮಾರ್ಗದ ಉದ್ದನೆಯ ಏರಿಗೆ ನಾನು ಆರಿಸಿಕೊಳ್ಳುವುದು ‘ಜುಬಿಲಿ’ ವರ್ಗದ ಎಂಜಿನ್‌ಗಳನ್ನು. 1934ರಿಂದ 1936ರ ನಡುವೆ ಎಂಜಿನಿಯರ್ ವಿಲಿಯಂ ಸ್ಟೇನಿಯರ್ ಅವರ ವಿನ್ಯಾಸದಂತೆ ಇಂಥ 191 ಎಂಜಿನ್‌ಗಳು ತಯಾರಾದವು. ಸಾಮ್ರಾಜ್ಯದ ನಾಡುಗಳ ಹೆಸರನ್ನು ಅವುಗಳಲ್ಲಿ ಹಲವಕ್ಕೆ ಇಟ್ಟದ್ದರಿಂದ 5586 ಸಂಖ್ಯೆಯದಕ್ಕೆ ‘ಮೈಸೂರು’ ಎಂದೇ ಹೆಸರಿತ್ತು. ಅದು ಗ್ಲಾಸ್ಗೋದ ನಾರ್ತ್ ಬ್ರಿಟಿಷ್ ಕಾರ್ಖಾನೆಯಲ್ಲಿ ಹುಟ್ಟಿದ್ದು. ಮೈಸೂರು ಗುಜರಿಗೆ ಹೋಯಿತು, ‘ಕೊಲ್ಹಾಪುರ’ ಉಳಿಯಿತು. ಒಟ್ಟು ಉಳಿದ ನಾಲ್ಕರಲ್ಲಿ ‘ಲಿಯಾಂಡರ್’ ಮತ್ತು ‘ಗಲಾಟೀಯ’ ಇವೆರಡೂ ವೇಲ್ಸಿನ ಬ್ಯಾರಿ ಗುಜರಿ ಅಂಗಳದಿಂದ ಎದ್ದು ಬಂದವು. ಗಲಾಟೀಯದ ಒಂದು ಗಾಲಿಯನ್ನು ಅಲ್ಲಿ ಕತ್ತರಿಸಿಯೂ ಹಾಕಿದ್ದರು. ಬಿಡಿಭಾಗಗಳಿಗೆಂದು ಕೊಂಡ ಆ ಅಸ್ಥಿಪಂಜರವನ್ನು 2013ರಲ್ಲಿ ಮತ್ತೆ ಮುಖ್ಯ ಮಾರ್ಗಕ್ಕೆ ಇಳಿಸಲಾಯಿತು. ಜುಬಿಲಿಗೆ ಮೂರು ಸಿಲಿಂಡರ್‌ಗಳಿರುವುದರಿಂದ ಗಾಲಿಯ ಒಂದು ಸುತ್ತಿಗೆ ಆರು ಬಾರಿ ಉಸಿರು ಹೊರಬರುತ್ತದೆ, ಎರಡು ಸಿಲಿಂಡರಿನ ಎಂಜಿನ್‌ನಲ್ಲಿ ನಾಲ್ಕೇ ಬಾರಿ. ಏರಿನಲ್ಲಿ ಈ ವ್ಯತ್ಯಾಸ ಯಾರ ಕಿವಿಗೂ ಗೊತ್ತಾಗುತ್ತದೆ.

ಏರಿನ ವಿಷಯಕ್ಕೆ ಬರೋಣ, ಏಕೆಂದರೆ ನೀವು ಹಣ ಕೊಡುವುದು ಮುಖ್ಯವಾಗಿ ಅದಕ್ಕೇ. ಸೆಟ್ಲ್‌ನಿಂದ ಬ್ಲೇ ಮೂರ್‌ವರೆಗೆ ಸುಮಾರು 25 ಕಿಲೋಮೀಟರ್ ಬಹುತೇಕ ಬಿಡುವಿಲ್ಲದೆ 100ಕ್ಕೆ 1ರ ಏರು, ಅಂದರೆ ನೂರು ಮೀಟರ್ ಸಾಗಿದರೆ ಒಂದು ಮೀಟರ್ ಎತ್ತರ. ಹಳೆಯ ರೈಲ್ವೆ ಕೆಲಸಗಾರರು ಇದನ್ನು ‘ಲಾಂಗ್ ಡ್ರ್ಯಾಗ್’ ಎಂದು ಕರೆದರು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಟ್ಟದ 50ಕ್ಕೆ 1ರ ಏರನ್ನು ಕಂಡವರಿಗೆ ಇದು ಸಣ್ಣದೆನಿಸಬಹುದು. ಆದರೆ ಇಲ್ಲಿ ಇಡೀ ಏರನ್ನು ಒಬ್ಬ ಫೈರ್‌ಮನ್ ಸಲಿಕೆಯಲ್ಲಿ ಎತ್ತಿ ಹಾಕಿದ ಕಲ್ಲಿದ್ದಲಿನ ಬಲದಿಂದ ಹತ್ತಬೇಕು. ದಾರಿಯಲ್ಲಿ 24 ಕಮಾನುಗಳ, 32 ಮೀಟರ್ ಎತ್ತರದ ರಿಬಲ್‌ಹೆಡ್ ಸೇತುವೆ ಬರುತ್ತದೆ, ಅದರ ಬೆನ್ನಿಗೇ 2.4 ಕಿಲೋಮೀಟರಿನ ಬ್ಲೇ ಮೂರ್ ಸುರಂಗ. ಕಾರ್ಲೈಲ್ ಕಡೆಯಿಂದ ದಕ್ಷಿಣಕ್ಕೆ ಬರುವ ರೈಲುಗಳಿಗೆ ಇದೇ ಕಷ್ಟ ಆರ್ಮ್‌ಸೈಡ್ ದಾಟಿದ ಮೇಲೆ ಶುರುವಾಗಿ 356 ಮೀಟರ್ ಎತ್ತರದ ಏಸ್ ಗಿಲ್ ನೆತ್ತಿಯವರೆಗೆ ಮುಂದುವರಿಯುತ್ತದೆ.

ಹಾಗಿದ್ದರೂ ಈ ಸೇವೆಯ ಮೂಲ ತೊಡಕೊಂದನ್ನು ಯಾವ ಜಾಹೀರಾತೂ ಹೇಳುವುದಿಲ್ಲ: ರೈಲಿನೊಳಗೆ ಕುಳಿತವರಿಗೆ ಎಂಜಿನ್ ಕಾಣಿಸುವುದಿಲ್ಲ. ತಿರುವುಗಳಲ್ಲಿ ಮಾತ್ರ, ಅದೂ ಕಿಟಕಿಗೆ ಕೆನ್ನೆ ಒತ್ತಿದರೆ, ಕರಿಯ ಬೆನ್ನು ಒಮ್ಮೆ ಕಂಡು ಮರೆಯಾಗುತ್ತದೆ. ಬಾಗಿಲಿನ ಕಿಟಕಿಯಿಂದ ತಲೆ ಹೊರಹಾಕುವುದಕ್ಕೆ ಅವಕಾಶವಿಲ್ಲ, ಇರಲೂ ಬಾರದು. 1968ರ ಆಗಸ್ಟ್ 11ರಂದು ಬ್ರಿಟಿಷ್ ರೈಲ್ವೆ ತನ್ನ ಉಗಿಯುಗವನ್ನು ಮುಗಿಸಲು ಓಡಿಸಿದ ಕೊನೆಯ ವಿಶೇಷ ರೈಲು ಇದೇ ಹಾದಿಯಲ್ಲಿ ಹೋಯಿತು. ಟಿಕೆಟಿಗೆ 15 ಗಿನಿ, ಅಂದರೆ 15 ಪೌಂಡ್ 15 ಶಿಲಿಂಗ್ ತೆತ್ತ ಪ್ರಯಾಣಿಕರು ‘ಆಲಿವರ್ ಕ್ರಾಮ್‌ವೆಲ್’ ಎಂಜಿನನ್ನು ಕಣ್ತುಂಬ ನೋಡಲೆಂದು ಏಸ್ ಗಿಲ್‌ನಲ್ಲಿ ಬಂಡಿಯನ್ನೇ ನಿಲ್ಲಿಸಿದ್ದರು. ಈಗ ಅಂಥ ಔದಾರ್ಯವಿಲ್ಲ. ಉಗಿ ಎಂಜಿನ್‌ಗಳ ಮೇಲೆ ಅಂದು ಹೇರಿದ ನಿಷೇಧವನ್ನು 1971ರ ಅಕ್ಟೋಬರಿನಲ್ಲಿ ‘ಕಿಂಗ್ ಜಾರ್ಜ್ ದಿ ಫಿಫ್ತ್’ ಎಂಜಿನ್ ಮುರಿದ ಮೇಲೆ ವಿಹಾರ ರೈಲುಗಳು ಹಿಂದಿರುಗಿದವು, ದರವೂ ಜೊತೆಗೇ ಬೆಳೆಯಿತು. ಇಂದು ಸಾಮಾನ್ಯ ದರ್ಜೆಯೇ ನೂರು ಪೌಂಡ್ ದಾಟುತ್ತದೆ. ಬಿಳಿ ಮೇಜುಬಟ್ಟೆಯ ಊಟದ ದರ್ಜೆಗೆ ಅದರ ಎರಡು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು.

ನನ್ನ ಅಭಿಪ್ರಾಯದಲ್ಲಿ ಉಗಿಬಂಡಿಯ ಸಲುವಾಗಿ ಹೋಗುವವರಿಗೆ ಆ ಊಟದ ದರ್ಜೆ ಬೇಡ. ಹಲವು ಸುತ್ತಿನ ಊಟ ಬಡಿಸುವ ಹೊತ್ತಿಗೂ ಏರು ಬರುವ ಹೊತ್ತಿಗೂ ತಾಳೆಯಾಗುವುದು ಅಪರೂಪ. ಚಮಚ ಫೋರ್ಕುಗಳ ಸದ್ದಿನಲ್ಲಿ ಎಂಜಿನ್‌ನ ಸದ್ದು ಕಳೆದುಹೋಗುತ್ತದೆ. ಸಸ್ಯಾಹಾರಿಗಳು ಕಾದಿರಿಸುವಾಗಲೇ ತಿಳಿಸಬೇಕು. ಸಾಮಾನ್ಯ ದರ್ಜೆಯ ಹಳೆಯ ಬೋಗಿಗಳಲ್ಲಿ ನಾಲ್ವರು ಎದುರುಬದುರು ಕೂರುವ ಮೇಜುಗಳಿರುತ್ತವೆ, ಮನೆಯಿಂದ ಕಟ್ಟಿಕೊಂಡು ಹೋದ ಪುಳಿಯೋಗರೆಗೆ ಅದಕ್ಕಿಂತ ಅನುಕೂಲವಾದ ಜಾಗವಿಲ್ಲ. ಒಮ್ಮೆ ಜೊತೆಗೆ ಬಂದಿದ್ದ ನಮ್ಮ ದೊಡ್ಡಪ್ಪನವರು ಮೀಟರ್ ಗೇಜ್ ಕಾಲದಲ್ಲಿ ಮೈಸೂರು–ಅರಸೀಕೆರೆ ಬಂಡಿಯಲ್ಲಿ ಓಡಾಡಿದವರು. ಎಲ್ಲರೂ ಮೇಲಿನ ಗಾಳಿಕಿಂಡಿಯನ್ನು ತೆರೆದು ಸದ್ದು ಕೇಳುತ್ತಿದ್ದಾಗ ಅವರೊಬ್ಬರು, “ಮುಚ್ಚಯ್ಯ ಅದನ್ನ, ಕಣ್ಣಿಗೆ ಇದ್ದಿಲ ಪುಡಿ ಬೀಳುತ್ತೆ” ಎಂದು ಗದರಿದರು. ಅವರ ಮಾತು ಸರಿಯೇ ಆಗಿತ್ತು. ರಿಬಲ್‌ಹೆಡ್ ಬರುವ ಹೊತ್ತಿಗೆ ಬಿಳಿಯ ಕಾಗದದ ಲೋಟದಲ್ಲಿದ್ದ ಚಹಾದ ಮೇಲೆ ಸಾಸಿವೆಯಷ್ಟು ಗಾತ್ರದ ಕರಿಯ ಚೂರುಗಳು ತೇಲುತ್ತಿದ್ದವು.

ಟಿಕೆಟ್ ಕೊಳ್ಳುವವರು ಎಂಜಿನ್‌ಗೆ ಹತ್ತಿರದ ಬೋಗಿಯನ್ನು ಕೇಳಿ ಪಡೆಯಬೇಕು, ಆದರೆ ಯಾವ ಏರಿಗೆ ಎಂಬುದನ್ನು ಮೊದಲು ನಿರ್ಧರಿಸಬೇಕು. ಹಲವು ಕಾರ್ಯಕ್ರಮಗಳಲ್ಲಿ ರೈಲು ಒಂದು ದಿಕ್ಕಿನಲ್ಲಿ ಬೇರೊಂದು ಮಾರ್ಗದ 75ಕ್ಕೆ 1ರ ಶ್ಯಾಪ್ ಏರನ್ನು ಹತ್ತಿ ಕಾರ್ಲೈಲ್ ತಲುಪಿ, ಹಿಂದಿರುಗುವಾಗ ಸೆಟ್ಲ್ ಮಾರ್ಗ ಹಿಡಿಯುತ್ತದೆ. ಕಾರ್ಲೈಲ್‌ನಲ್ಲಿ ಬಹುತೇಕ ಎಂಜಿನ್ ಅನ್ನು ತಿರುಗಿಸಿ ಇನ್ನೊಂದು ತುದಿಗೆ ಜೋಡಿಸುವುದರಿಂದ ಬೆಳಿಗ್ಗೆ ಮೊದಲಾಗಿದ್ದ ಬೋಗಿ ಮಧ್ಯಾಹ್ನ ಕೊನೆಯದಾಗುತ್ತದೆ. ಕೊನೆಯ ಬೋಗಿಯಲ್ಲಿ ಕೇಳಿಸುವುದು ಹಿಂದೆ ಕಟ್ಟಿದ ಡೀಸೆಲ್ ಎಂಜಿನ್‌ನ ಗುರುಗುಟ್ಟುವಿಕೆ. ಆ ಡೀಸೆಲ್ ಸುಮ್ಮನೆ ಬರುತ್ತಿದೆಯೋ ಏರಿನಲ್ಲಿ ತಳ್ಳುತ್ತಿದೆಯೋ ಎಂಬುದು ಅಭಿಮಾನಿಗಳ ನಡುವಿನ ಮುಗಿಯದ ಜಗಳ. ಮೈಲಿಗಲ್ಲು ಎಣಿಸುವವರ ಪಕ್ಕ ಕುಳಿತರೆ ಜಗಳದ ಲೆಕ್ಕವೂ ಅರ್ಥವಾಗುತ್ತದೆ: ಹಳಿಯ ಬದಿಯಲ್ಲಿ ಕಾಲು ಮೈಲಿಗೊಂದು ಕಂಬವಿದೆ, ಎರಡು ಕಂಬಗಳ ನಡುವೆ 15 ಸೆಕೆಂಡು ಹಿಡಿದರೆ ವೇಗ ಗಂಟೆಗೆ 60 ಮೈಲಿ, 30 ಸೆಕೆಂಡು ಹಿಡಿದರೆ 30. ಏರಿನುದ್ದಕ್ಕೂ ಆ ಅಂಕಿಗಳನ್ನು ಪುಟ್ಟ ಪುಸ್ತಕದಲ್ಲಿ ಬರೆದುಕೊಳ್ಳುತ್ತ ಕಿಟಕಿಯ ಹೊರಗಿನ ಬೆಟ್ಟವನ್ನು ಒಮ್ಮೆಯೂ ನೋಡದವರಿದ್ದಾರೆ. ಅವರಷ್ಟು ತೃಪ್ತರಾಗಿ ರೈಲಿನಿಂದ ಇಳಿದವರನ್ನು ನಾನು ಕಂಡಿಲ್ಲ.

ಎಂಜಿನ್ ಅನ್ನು ಹತ್ತಿರದಿಂದ ನೋಡಲು ಸಿಗುವ ಅವಕಾಶ ನೀರಿನ ನಿಲುಗಡೆ. ಜುಬಿಲಿಯ ತೊಟ್ಟಿಯಲ್ಲಿ 4,000 ಗ್ಯಾಲನ್, ಅಂದರೆ ಸುಮಾರು 18,000 ಲೀಟರ್ ನೀರು ಹಿಡಿಯುತ್ತದೆ. ಹಿಂದೆ ಹಳಿಗಳ ನಡುವಿನ ಕಾಲುವೆಗಳಿಂದ ಓಡುತ್ತಲೇ ನೀರೆತ್ತಿಕೊಳ್ಳುತ್ತಿದ್ದರು. ಅವು ಈಗ ಇಲ್ಲವಾದ್ದರಿಂದ ಆಪಲ್‌ಬಿಯಂಥ ನಿಲ್ದಾಣದಲ್ಲಿ ನಿಂತೇ ತುಂಬಿಸಬೇಕು. ನಿಂತ ಎಂಜಿನ್ ಸುಮ್ಮನಿರುವುದಿಲ್ಲ. ಎಲ್ಲೋ ಒಂದು ಕವಾಟ ಟಿಕ್ ಟಿಕ್ ಎನ್ನುತ್ತದೆ, ಬಿಸಿ ಎಣ್ಣೆಯ ವಾಸನೆ ಮುಖಕ್ಕೆ ಬಡಿಯುತ್ತದೆ, ಸಹಾಯಕ ತಂಡದವರು ಪ್ರತಿ ಬೇರಿಂಗಿಗೂ ಅಂಗೈಯ ಹಿಂಬದಿ ತಾಗಿಸಿ ಬಿಸಿಯಾಗಿದೆಯೇ ಎಂದು ನೋಡುತ್ತ ಬರುತ್ತಾರೆ. ಟಿಕೆಟಿನ ಹಣದಲ್ಲಿ ಅರ್ಧ ಇಲ್ಲಿಯೇ ವಸೂಲಾಗುತ್ತದೆಂದು ನನಗನ್ನಿಸುತ್ತದೆ.

ಕಾಲದ ಆಯ್ಕೆಯ ಬಗ್ಗೆಯೂ ಒಂದು ಮಾತು. ಬೇಸಿಗೆಯ ರಜೆಯಲ್ಲಿ ಬರುವವರೇ ಹೆಚ್ಚು, ಆದರೆ ಉಗಿಯ ದೃಷ್ಟಿಯಿಂದ ಅದು ತೀರ ಕಳಪೆ ಋತು. ಬೆಚ್ಚನೆಯ ಒಣಗಾಳಿಯಲ್ಲಿ ಕೊಳವೆಯಿಂದ ಬಂದ ಉಗಿ ಕಣ್ಣಿಗೆ ಕಾಣುವ ಮೊದಲೇ ಕರಗುತ್ತದೆ. ಮಳೆಯಿಲ್ಲದ ವಾರಗಳಲ್ಲಿ ಕಿಡಿಯಿಂದ ಹುಲ್ಲಿಗೆ ಬೆಂಕಿ ಬೀಳುವ ಭಯದಿಂದ ಕೊನೆಯ ಗಳಿಗೆಯಲ್ಲಿ ಡೀಸೆಲ್ ಎಂಜಿನ್ ಕಟ್ಟುವುದೂ ಉಂಟು. ಫೆಬ್ರುವರಿಯ ತಣ್ಣನೆಯ ತೇವದಲ್ಲಿ ಅದೇ ಉಗಿ ಬೋಗಿಗಳ ಉದ್ದಕ್ಕೂ ಬೆಳ್ಳಗೆ ಹಾಸುತ್ತದೆ. ಆಗ ಕತ್ತಲೆ ಬೇಗ ಇಳಿಯುವುದರಿಂದ ಏಸ್ ಗಿಲ್ ದಾಟುವ ಸಮಯವನ್ನು ಕೇಳಿಕೊಂಡೇ ಹಣ ಕಟ್ಟಬೇಕು.

ಇನ್ನು ಬೇಲಿಯ ಆಚೆಯವರು. ಟಿಕೆಟ್ ಕೊಳ್ಳದೆ ಕಾರಿನಲ್ಲಿ ರೈಲನ್ನು ಹಿಂಬಾಲಿಸಿ, ಒಂದು ಕಡೆ ಚಿತ್ರ ತೆಗೆದು, ಗುಡ್ಡದ ರಸ್ತೆಯಲ್ಲಿ ಧಾವಿಸಿ ಅದಕ್ಕಿಂತ ಮೊದಲು ಮುಂದಿನ ಸೇತುವೆ ತಲುಪುವ ಈ ಬಳಗಕ್ಕೆ ಎಂಜಿನ್ ಸಿಗುವಷ್ಟು ಪೂರ್ಣವಾಗಿ ಒಳಗಿನವರಿಗೆ ಎಂದೂ ಸಿಗುವುದಿಲ್ಲ. ಏಸ್ ಗಿಲ್‌ನಲ್ಲಿ ವೈಲ್ಡ್ ಬೋರ್ ಫೆಲ್ ಬೆಟ್ಟವನ್ನು ಹಿನ್ನೆಲೆಯಾಗಿಸಿಕೊಂಡು ರಸ್ತೆಯ ಬದಿಯಲ್ಲೇ ನಿಂತರೆ, ಕಿಲೋಮೀಟರುಗಟ್ಟಲೆ ದೂರದಿಂದ ಮೊದಲು ಸದ್ದು, ಆಮೇಲೆ ಉಗಿ, ಕೊನೆಗೆ ಬಂಡಿ ಬರುತ್ತದೆ. ಇಷ್ಟು ಪುಕ್ಕಟೆಯಾಗಿ ಸಿಗುವುದರಿಂದಲೇ ಜನ ಮೈಮರೆಯುತ್ತಾರೆ. 2016ರ ಫೆಬ್ರುವರಿ 25ರಂದು ದುರಸ್ತಿ ಮುಗಿಸಿದ ಹೆಸರಾಂತ ಉಗಿ ಎಂಜಿನ್ ‘ಫ್ಲೈಯಿಂಗ್ ಸ್ಕಾಟ್ಸ್‌ಮನ್’ ಲಂಡನ್‌ನಿಂದ ಯಾರ್ಕ್‌ಗೆ ಹೊರಟಾಗ ಹಳಿಯ ಮೇಲೆಯೇ ಜನ ನುಗ್ಗಿದ್ದರಿಂದ ರೈಲನ್ನು ನಿಲ್ಲಿಸಬೇಕಾಯಿತು. ಹೀಗೆ ಹಳಿಗೆ ಇಳಿಯುವುದು ಅಪರಾಧ, ದಂಡ 1,000 ಪೌಂಡಿನವರೆಗೂ ಇದೆ. ಒಳ್ಳೆಯ ಚಿತ್ರಗಳೆಲ್ಲ ಬೇಲಿಯ ಹೊರಗಿನಿಂದ ತೆಗೆದವೇ ಆಗಿರುವುದರಿಂದ ಅದಕ್ಕೆ ನೆಪವೂ ಇಲ್ಲ.

ಕಾರಿಲ್ಲದ ವಿದ್ಯಾರ್ಥಿಗಳಿಗೂ ಊರಿನಿಂದ ಬಂದ ಹಿರಿಯರಿಗೂ ನಡುವಿನ ದಾರಿಯೊಂದಿದೆ. ಲೀಡ್ಸ್‌ನಿಂದ ಕಾರ್ಲೈಲ್‌ಗೆ ಇದೇ ಹಳಿಯ ಮೇಲೆ ದಿನವೂ ಸಾಧಾರಣ ಡೀಸೆಲ್ ಬಂಡಿಗಳು ವಿಹಾರ ರೈಲಿನ ದರದ ಒಂದು ಅಂಶಕ್ಕೆ ಓಡುತ್ತವೆ. ಉಗಿಬಂಡಿಯ ವೇಳೆ ನೋಡಿಕೊಂಡು ರಿಬಲ್‌ಹೆಡ್‌ನಲ್ಲಿ ಇಳಿದರೆ ಸೇತುವೆಯ ಕೆಳಗಿನ ಬಯಲಿಗೆ ಕಾಲುದಾರಿ ಇದೆ. ಡೆಂಟ್ ನಿಲ್ದಾಣ ಅದಕ್ಕಿಂತ ಸುಂದರ, 350 ಮೀಟರ್ ಎತ್ತರದಲ್ಲಿರುವ ಅದು ಇಂಗ್ಲೆಂಡಿನ ಮುಖ್ಯ ಮಾರ್ಗಗಳಲ್ಲೇ ಅತಿ ಎತ್ತರದ ನಿಲ್ದಾಣ. ಆದರೆ ಡೆಂಟ್ ಎಂಬ ಊರು ಅಲ್ಲಿಂದ ಆರು ಕಿಲೋಮೀಟರಿಗೂ ಹೆಚ್ಚು ದೂರ ಕಣಿವೆಯ ಕೆಳಗಿದೆ. ಚಹಾ, ತಿಂಡಿ, ಮಳೆಯ ಕೋಟು ಮೂರನ್ನೂ ಜೊತೆಯಲ್ಲೇ ಒಯ್ಯಬೇಕು, ಹಿಂದಿರುಗುವ ಬಂಡಿಯ ಸಮಯವನ್ನು ಇಳಿಯುವ ಮೊದಲೇ ಬರೆದುಕೊಂಡಿರಬೇಕು.